ಮೂರನೆಯ ಗಂಟು

ಹಗ್ಗದ ಮನೆಯವರ ಹೆಸರು ಬಂದರೆ ಆ ಊರಿನಲ್ಲಿ ಕುಳಿತವರು ಎದ್ದು ನಿಲ್ಲುತ್ತಿದ್ದರು. ಏಳು ತಲೆಮಾರಿನಿಂದ ಹಾಗೆಯೇ ನಡೆದುಕೊಂಡು ಬಂದಿತ್ತು. ಮದುವೆಯ ಮೊದಲ ವೀಳ್ಯ ಆ ಮನೆಗೆ ಹೋಗುತ್ತಿತ್ತು. ತೊಟ್ಟಿಲಿಗೆ ಹಾಕುವ ಮೊದಲು ಕೂಸನ್ನು ಆ ಮನೆಯ ಹೊಸ್ತಿಲಿಗೆ ತೋರಿಸುತ್ತಿದ್ದರು. ಹೆಣ ಹೊತ್ತವರು ಆ ಮನೆಯ ಮುಂದೆ ಹೆಗಲು ಬದಲಿಸುತ್ತಿರಲಿಲ್ಲ. ಆ ಮನೆಯ ಹೆಂಗಸರು ಬೀದಿಯಲ್ಲಿ ದನಿಯೆತ್ತಿದ್ದನ್ನು ಕಂಡವರಿಲ್ಲ, ಅವರು ಉಟ್ಟ ಬಿಳಿ ಸೀರೆಯ ಗಂಜಿ ಮುರಿದದ್ದನ್ನು ಕಂಡವರಿಲ್ಲ, ಅವರು ಹಾಕಿದ ಗಂಟು ಸೊಟ್ಟಗಾದದ್ದನ್ನಂತೂ ಕಂಡವರೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರೂ ಕೇಳದೆ ಅವರು ಒಂದು ಮಾತನ್ನೂ ಆಡಿದವರಲ್ಲ. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ಆ ಮನೆಯ ಹೆಣ್ಣುಮಕ್ಕಳು ಇದನ್ನು ಹಾಲಿನ ಜೊತೆ ಕುಡಿದು ಬೆಳೆಯುತ್ತಿದ್ದರು.

ಆ ಊರಿನಲ್ಲಿ ಬರಹವಿರಲಿಲ್ಲ, ಹಗ್ಗವಿತ್ತು. ಊರಿಗೆ ಏನಾದರೂ ಆದಾಗಲೆಲ್ಲ ಆ ಹಗ್ಗಕ್ಕೆ ಮೂರು ಗಂಟು ಬೀಳುತ್ತಿದ್ದವು. ಮೊದಲನೆಯದು ಆದದ್ದು. ಎರಡನೆಯದು ಮಾಡಿದ್ದು. ಮೂರನೆಯದು ಬಂದದ್ದು. ಆದದ್ದು, ಮಾಡಿದ್ದು, ಬಂದದ್ದು: ಹೀಗೆ ಮೂರು ಮೂರಾಗಿ ಏಳು ತಲೆಮಾರು ಸುತ್ತಿಕೊಂಡು ನಡುಮನೆಯ ಗುಡಾಣದೊಳಗೆ ಮಲಗಿತ್ತು. ನೀರಿಗೆ ಒಂದು ಬಗೆಯ ಗಂಟು, ಬೆಂಕಿಗೆ ಒಂದು ಬಗೆ, ಗೋಡೆಗೆ ಒಂದು ಬಗೆ. ಹಗ್ಗವನ್ನು ಕಣ್ಣಿನಿಂದ ಓದುವಂತಿರಲಿಲ್ಲ. ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ ಎಂದು ಹಿಂದಿನವರು ತಿಳಿದಿದ್ದರು. ಅದಕ್ಕೇ ಹಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸಿ, ಬಟ್ಟೆಯ ಕೆಳಗೆ ಬೆರಳಾಡಿಸಿ ಓದಬೇಕು.

ಹಗ್ಗವನ್ನು ಕೇಳದೆ ಊರಿನವರು ಏನನ್ನೂ ಮಾಡುವಂತಿರಲಿಲ್ಲ. ಮಾಡಿದ್ದನ್ನು ಹಗ್ಗಕ್ಕೆ ಹಾಕದೆ ಆಯಿತು ಎನ್ನುವಂತೆಯೂ ಇರಲಿಲ್ಲ. ಗಂಟು ಬೀಳದ ಮದುವೆ ಮದುವೆಯಲ್ಲ. ಗಂಟು ಬೀಳದ ಸಾವು ಸಾವಲ್ಲ. ಗೋಡೆ ಕಟ್ಟಿದರೂ ಅಷ್ಟೇ, ಗಂಟು ಬಿದ್ದ ಮೇಲೆಯೇ ಕೊನೆಯ ಇಟ್ಟಿಗೆ.

ಇನ್ನೊಂದು ಪದ್ಧತಿಯಿತ್ತು. ಊರ ಹಿರಿಯರು ಕೇಳಲು ಬಂದಾಗ ಹಗ್ಗದ ಮನೆಯಾಕೆ ಮೊದಲನೆಯ ಗಂಟನ್ನು ಹೇಳುವಳು, ಹಿಂದೆ ಇಂಥದ್ದೇ ಆಗಿತ್ತು ಎಂದು. ಎರಡನೆಯದನ್ನು ಹೇಳುವಳು, ಆಗ ಹೀಗೆ ಮಾಡಿದರು ಎಂದು. ಅಷ್ಟು ಹೊತ್ತಿಗೆ ಒಳಗಿನಿಂದ ಎಲೆ ಅಡಿಕೆಯ ತಟ್ಟೆ ಬರುವುದು. ಯಾವ ಕಾಲದಲ್ಲಿ ಯಾವ ಅವಸರದವರು ಬಂದಿದ್ದರೋ, ಯಾವ ಉಪಚಾರದವಳು ತಟ್ಟೆಯನ್ನು ಬೇಗ ತಂದಳೋ, ಅಂತೂ ಅದೇ ರೂಢಿಯಾಯಿತು. ಎಲೆ ಬಾಯಿಗೆ ಬಿದ್ದ ಮೇಲೆ ಮಾತು ಮುಗಿಯಿತೆಂದು ಲೆಕ್ಕ. ಏನು ಮಾಡಬೇಕೆಂದು ತಿಳಿದವರು ಎದ್ದು ಹೋಗುವರು. ಮೂರನೆಯ ಗಂಟು ಬಟ್ಟೆಯ ಕೆಳಗೇ ಉಳಿಯುವುದು. ಬರಬರುತ್ತ ಮೂರನೆಯದು ಮನೆಯೊಳಗಿನ ಮಾತು, ಹೊರಗಿನವರು ಕೇಳಬಾರದು ಎಂದು ಊರು ತಾನೇ ನಂಬಿತು. ಮನೆಯವರು ಇಲ್ಲವೆನ್ನಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಏಳನೆಯ ತಲೆಮಾರಿನ ಯಜಮಾನಿಗೆ ಆ ವರ್ಷ ಬೆರಳು ಮರಗಟ್ಟಿತು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಕೊನೆಗೆ ಹತ್ತೂ. ಬಿಸಿ ತಟ್ಟೆ ಬಿಸಿಯೆನಿಸಲಿಲ್ಲ, ತಣ್ಣೀರು ತಣ್ಣಗೆನಿಸಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ದಿನವೂ ಬೆಳಿಗ್ಗೆ ಬಣ್ಣಗಾರರ ಕೇರಿಯಿಂದ ಎಣ್ಣೆಯವಳು ಬಂದು ಅವಳ ಕೈ ತಿಕ್ಕುತ್ತಿದ್ದಳು. ನೂಲನ್ನು ನೀಲಿಯಲ್ಲಿ ಅದ್ದುವ ಮನೆಯವಳಾದ್ದರಿಂದ ಎಣ್ಣೆಯವಳ ಕೈ ಮಣಿಕಟ್ಟಿನವರೆಗೆ ನೀಲಿ. ಎಷ್ಟು ತೊಳೆದರೂ ಆ ನೀಲಿಯ ಒಂದು ಛಾಯೆ ಯಜಮಾನಿಯ ಬೆರಳಿಗೆ ಹತ್ತುತ್ತಿತ್ತು. ಯಜಮಾನಿ ಕಡಲೆಹಿಟ್ಟು ಹಚ್ಚಿ ಅದನ್ನು ಉಜ್ಜಿ ತೆಗೆಯುತ್ತಿದ್ದಳು.

ಅದೇ ವರ್ಷ ಊರ ಬಾವಿಯ ನೀರು ಕಹಿಯಾಯಿತು.

ಬೆಳಗಿನ ಬಿಸಿಲು ಅಂಗಳಕ್ಕೆ ಬರುವಾಗ ಊರ ಹಿರಿಯ ತನ್ನ ಜೊತೆಯವರನ್ನು ಕಟ್ಟಿಕೊಂಡು ಹಗ್ಗದ ಮನೆಗೆ ಬಂದ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟ. ಯಜಮಾನಿ ಕುಳಿತ ಮೇಲೆ ಕುಳಿತ.

"ಬಾವಿ ಕಹಿಯಾಗಿದೆ ತಾಯಿ. ಹಿಂದೆ ಎಂದಾದರೂ ಆಗಿತ್ತೇ?"

ಯಜಮಾನಿ ಗುಡಾಣದಿಂದ ಹಗ್ಗ ಎಳೆದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಆದರೆ ಎಷ್ಟು ಮೊಳ ಎಳೆದರೆ ಯಾರ ಕಾಲ ಎಂದು ಅವಳ ತೋಳಿಗೆ ಗೊತ್ತಿತ್ತು. ತಾಯಿಯ ಕಾಲಕ್ಕೆ ಬಂದು ನಿಂತಳು. ಅಲ್ಲಿಯ ಎರಡು ಗಂಟುಗಳನ್ನು ಚಿಕ್ಕಂದಿನಲ್ಲಿಯೇ ಬಾಯಿಪಾಠ ಮಾಡಿಸಿದ್ದರು.

"ಆಗಿತ್ತು," ಎಂದಳು.

"ಆಗ ಏನು ಮಾಡಿದರು?"

"ನೀರು ಕೆಟ್ಟದ್ದು ಕಂಚುಗಾರರಿಂದ ಎಂದು ಅವರ ಕೇರಿಯ ಬಾಯಿಗೆ ಗೋಡೆ ಕಟ್ಟಿದರು."

ಹಿರಿಯ ಉಸಿರು ಬಿಟ್ಟ. ಅಷ್ಟು ಜನರೂ ಉಸಿರು ಬಿಟ್ಟರು. ತಟ್ಟೆ ಬಂತು.

"ಕಂಚುಗಾರರು ಈಗೆಲ್ಲಿದ್ದಾರೆ?" ಎಂದು ಒಬ್ಬ ಕೇಳಿದ.

"ಬಣ್ಣಗಾರರು ಇದ್ದಾರಲ್ಲಪ್ಪ," ಎಂದ ಹಿರಿಯ, ಎಲೆಗೆ ಸುಣ್ಣ ಸವರುತ್ತ. "ಕಂಚಿಗಿಂತ ಬಣ್ಣ ನೀರಿಗೆ ಹತ್ತಿರ. ನಿನ್ನ ಪಂಚೆ ಒಗೆದರೆ ಬಿಡೋದು ಕಂಚೋ, ಬಣ್ಣವೋ?"

ನಕ್ಕರು. ಆ ನಗೆಯಲ್ಲಿ ಹಗೆಯೇನೂ ಇರಲಿಲ್ಲ. ಆ ವರ್ಷ ಅವರ ಯಾವುದರಲ್ಲಿಯೂ ಏನೂ ಇರುತ್ತಿರಲಿಲ್ಲ. ಹೆಣದ ಮುಂದೆ ಅಳು ಬರುತ್ತಿರಲಿಲ್ಲ, ಕೂಸಿನ ಮುಂದೆ ನಗು ಬರುತ್ತಿರಲಿಲ್ಲ, ಬಂದರೂ ಅಭ್ಯಾಸಕ್ಕೆ ಬರುತ್ತಿತ್ತು. ಎಲೆ ಮಡಿಸಿ ಬಾಯಿಗಿಟ್ಟರು, ಎದ್ದರು, ಕೈ ಮುಗಿದರು, ಹೋದರು. ಯಜಮಾನಿ ಬಟ್ಟೆಯ ಕೆಳಗಿನಿಂದ ಕೈ ತೆಗೆದಳು. ಮೂರನೆಯ ಗಂಟಿನ ಮೇಲೆ ಅವಳ ಹೆಬ್ಬೆರಳು ಇದ್ದಿರಬಹುದು. ಅವಳಿಗೆ ಗೊತ್ತಾಗಲಿಲ್ಲ.

ಆ ಊರಿನ ಬೀದಿಗಳ ಬಗ್ಗೆ ಇಲ್ಲಿಯೇ ಹೇಳಬೇಕು. ಅವೆಲ್ಲ ಗೋಡೆಯಲ್ಲಿ ಮುಗಿಯುತ್ತಿದ್ದವು. ಹತ್ತು ಹೆಜ್ಜೆ ಹೋದರೆ ಒಂದು ಗೋಡೆ, ತಿರುಗಿ ಇಪ್ಪತ್ತು ಹೆಜ್ಜೆ ಹೋದರೆ ಇನ್ನೊಂದು. ಪ್ರತಿ ಗೋಡೆಗೂ ಒಂದು ದೀಪದ ಗೂಡು. ವರ್ಷಕ್ಕೊಮ್ಮೆ ಸುಣ್ಣ ಬಳಿದು ಗೂಡಿನಲ್ಲಿ ದೀಪ ಇಡುವರು. ಬೀದಿಯೆಂದರೆ ಗೋಡೆಯಲ್ಲಿ ಮುಗಿಯುವುದು ಎಂದು ಮಕ್ಕಳು ತಿಳಿದಿದ್ದರು. ಯಜಮಾನಿ ಏಳು ವರ್ಷದವಳಿದ್ದಾಗ ಅವಳಿಗೆ ಒಬ್ಬ ಗೆಳತಿಯಿದ್ದಳು. ಕುಂಟೆಬಿಲ್ಲೆಗೆ ಒಡೆದ ಕಂಚಿನ ಚೂರು ತರುತ್ತಿದ್ದವಳು. ಒಂದು ದಿನ ಅವಳ ಮನೆಯ ದಾರಿಯಲ್ಲಿ ಹಸಿ ಗೋಡೆಯೊಂದು ನಿಂತಿತ್ತು. ಗೆಳತಿ ಎಲ್ಲಿ ಎಂದು ಕೇಳಿದಾಗ ತಾಯಿ, "ಆ ದಾರಿ ಅಲ್ಲಿಗೇ ಮುಗಿಯುತ್ತದೆ ಮಗಳೇ. ಮೊದಲಿನಿಂದಲೂ ಅಲ್ಲಿಗೇ," ಎಂದಿದ್ದಳು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ಮಗಳು ಮತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎಣ್ಣೆಯವಳು ಎಂದಿನಂತೆ ಬಂದಳು. ಎಂದಿನಂತೆ ಬಟ್ಟಲನ್ನು ಬಿಸಿಲಿಗಿಟ್ಟಳು. ಎಂದಿನಂತೆ ಮೊದಲು ಬಲಗೈ.

"ನಾಳೆ ಗೋಡೆಯಂತಲ್ಲ, ಅಮ್ಮಾವ್ರೇ."

"ಹೌದು."

"ನಮ್ಮ ಕೇರಿ ಹಿಂದ್ಗಡೆ ಬರೀ ಬಯಲು. ಬಾವಿ ಇಲ್ಲ, ಮರ ಇಲ್ಲ. ಕಹಿಯೋ ಸಿಹಿಯೋ, ನೀರು ಅನ್ನೋದು ಇರೋದು ಗೋಡೆ ಈಚೆಗೆ. ಅರವತ್ತು ಒಲೆ ಉರೀತವೆ ಅಲ್ಲಿ. ನನ್ನ ಸೊಸೆಗೆ ತುಂಬಿದ ತಿಂಗಳು."

ಯಜಮಾನಿ ಏನೂ ಹೇಳಲಿಲ್ಲ. ಇದು ಪ್ರಶ್ನೆಯಾಗಿರಲಿಲ್ಲ.

ಎಣ್ಣೆಯವಳು ಬೆರಳೊಂದೊಂದನ್ನೂ ಎಳೆದು ನೆಟಿಗೆ ತೆಗೆದಳು. ಆಮೇಲೆ, ತಲೆಯೆತ್ತದೆಯೇ, ಏಳು ತಲೆಮಾರಿನಲ್ಲಿ ಯಾರೂ ಕೇಳದ್ದನ್ನು ಕೇಳಿದಳು.

"ಅವರು ಎಲೆ ಹಾಕ್ಕೊಂಡು ಎದ್ದುಬಿಟ್ರಂತೆ. ಮೂರನೇ ಗಂಟು ಏನು, ಅಮ್ಮಾವ್ರೇ?"

ಯಜಮಾನಿಯ ಬೆನ್ನು ಇನ್ನಷ್ಟು ನೆಟ್ಟಗಾಯಿತು.

"ಹಗ್ಗವನ್ನು ಕೇಳುವವರು ಊರಿನವರು."

"ಹ್ಞೂಂ. ನಾಳೆಯಿಂದ ನಾನು ಊರಿನವಳಲ್ಲ. ಇವತ್ತು ಇನ್ನೂ ಊರಿನವಳೇ ಅಲ್ವಾ? ಗೋಡೆ ಇನ್ನೂ ಏಳಲಿಲ್ವಲ್ಲ."

ಯಜಮಾನಿ ಹುಡುಕಿದಳು. ಈ ಮಾತಿಗೆ ಅಡ್ಡ ಬರುವ ಪದ್ಧತಿ ಯಾವುದೂ ಅವಳಿಗೆ ನೆನಪಾಗಲಿಲ್ಲ. ಕೇಳಿದ್ದಕ್ಕೆ ಉತ್ತರ. ಅವಳು ಕೈ ಒರೆಸಿಕೊಂಡು ಗುಡಾಣದ ಬಳಿ ಕುಳಿತು ಹಗ್ಗ ಎಳೆದು, ಬಟ್ಟೆ ಹೊದಿಸಿ, ಕೈಯಿಟ್ಟಳು. ಬಹಳ ಹೊತ್ತು ಹಾಗೆಯೇ ಕುಳಿತಳು. ಬಾಯಿಪಾಠದಲ್ಲಿ ಮೂರನೆಯದು ಇರಲಿಲ್ಲ. ಅವಳ ಹೆಬ್ಬೆರಳಿಗೆ ಅದನ್ನು ದಾಟಿ ಹೋಗುವುದನ್ನು ಮಾತ್ರ ಕಲಿಸಿದ್ದರು.

"ಸಿಗ್ತಿಲ್ಲ ಅಲ್ವಾ?" ಎಂದಳು ಎಣ್ಣೆಯವಳು. "ಹೇಗೆ ಸಿಗಬೇಕು? ಆರು ತಿಂಗಳಾಯ್ತು ಈ ಬೆರಳು ಸತ್ತು. ಉಗುರು ಒತ್ತಿ ನೋಡಿದ್ದೆ. ಮಿಸುಕಲಿಲ್ಲ ನೀವು. ನುಗ್ಗೇಕಾಯಿಗೆ ಎಣ್ಣೆ ಹಚ್ಚಿದ ಹಾಗಾಗ್ತಿತ್ತು ನನಗೆ."

"ಯಾರಿಗೆ ಹೇಳಿದ್ದೀಯೆ?"

"ಯಾರು ಕೇಳಿದ್ರು?"

ಯಜಮಾನಿ ಬಟ್ಟೆಯನ್ನೇ ನೋಡುತ್ತಿದ್ದಳು. ಎಣ್ಣೆಯವಳು ಸ್ವಲ್ಪ ಹತ್ತಿರ ಸರಿದು, ಮಗುವಿಗೆ ಹೇಳುವಂತೆ ಹೇಳಿದಳು: "ತುಟಿ ಇದೆಯಲ್ಲಮ್ಮಾ. ಕೂಸಿಗೆ ಜ್ವರ ಬಂದಾಗ ಕೈಯಲ್ಲಿ ನೋಡಿ ನಂಬ್ತೀವಾ? ಹಣೆಗೆ ತುಟಿ ಇಟ್ಟು ತಾನೇ ನೋಡೋದು."

ಹಗ್ಗದ ಮನೆಯ ಹೆಂಗಸು ಹಗ್ಗವನ್ನು ಬಾಯಿಗಿಟ್ಟದ್ದಿಲ್ಲ. ಅದರಲ್ಲಿ ಇಲಿಯ ವಾಸನೆಯಿತ್ತು, ಕಮಟು ಎಣ್ಣೆಯಿತ್ತು, ಏಳು ತಲೆಮಾರಿನ ಬೆವರಿತ್ತು. ಯಜಮಾನಿ ಬಿಳಿ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು, ಬಗ್ಗಿ, ಹಗ್ಗವನ್ನು ತುಟಿಗೆ ಒತ್ತಿದಳು. ನೀರಿನ ಗಂಟು ಸಿಕ್ಕಿತು. ಗೋಡೆಯ ಗಂಟು ಸಿಕ್ಕಿತು. ಅದರಾಚೆ, ಒಳಮುಖವಾಗಿ ತಿರುಗಿದ ಒಂದು ಚಿಕ್ಕ ಗಂಟು ಸಿಕ್ಕಿತು. ಅದನ್ನು ನಾಲಿಗೆಯ ಗಂಟು ಎನ್ನುತ್ತಾರೆ. ಅದು ತಾಯಿಯ ಕೈಯದು. ಅಷ್ಟು ಅಚ್ಚುಕಟ್ಟಾದ ಗಂಟು ಇಡೀ ಹಗ್ಗದಲ್ಲಿ ಇರಲಿಕ್ಕಿಲ್ಲ.

ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಗ್ಗ ಎಳೆದಳು. ಅಜ್ಜಿಯ ಕಾಲದಲ್ಲಿ ನೀರು, ಗೋಡೆ, ನಾಲಿಗೆ. ಅಲ್ಲಿ ಹಗ್ಗಕ್ಕೆ ಉಪ್ಪಿನ ರುಚಿಯಿತ್ತು, ಉಪ್ಪಿನವರ ಕೇರಿಯಿಂದ ಬಂದ ಯಾವಳೋ ಅಜ್ಜಿಯ ಕೈ ತಿಕ್ಕಿರಬೇಕು. ಮುತ್ತಜ್ಜಿಯ ಕಾಲದಲ್ಲಿ ನೀರು, ಗೋಡೆ, ನಾಲಿಗೆ. ಅಲ್ಲಿ ಕುಂಬಾರರ ಆವೆಮಣ್ಣಿನ ರುಚಿ. ಅದರ ಹಿಂದೆ ಬೇಟೆ ಮಾಂಸದ ಹೊಗೆ, ಅದರ ಹಿಂದೆ ಗಂಧ. ನೀರು, ಗೋಡೆ, ನಾಲಿಗೆ. ನೀರು, ಗೋಡೆ, ನಾಲಿಗೆ. ಹಗ್ಗದಲ್ಲಿ ಎಷ್ಟು ಗೋಡೆಯ ಗಂಟುಗಳಿದ್ದವೋ ಗೋಡೆಗಳ ಹಿಂದೆ ಅಷ್ಟು ಕೇರಿಗಳಿದ್ದವು. ಈಗ ಊರೆಂದು ಕರೆಯುವುದು ಆ ಗೋಡೆಗಳ ನಡುವೆ ಉಳಿದ ಒಂದು ಚೂರು. ಗಂಟು ಹಾಕಿದವರೆಲ್ಲ ಅವಳ ಮನೆಯವರೇ. ಅವರು ಹಾಕಿದ್ದರೆಂದ ಮೇಲೆ ಅವರಿಗೆ ಗೊತ್ತಿತ್ತು.

ಯಜಮಾನಿಗೆ ಅಳು ಬರಲಿಲ್ಲ. ಎದೆಯಲ್ಲಿ ಏನೋ ಆಗಬೇಕಿತ್ತು, ಆಗಲಿಲ್ಲ. ತುಟಿ ಮಾತ್ರ ಉರಿಯುತ್ತಿತ್ತು. ಬಟ್ಟೆ ತೆಗೆದು ಸೆರಗು ಸರಿಮಾಡಿಕೊಂಡಳು.

"ಏನು ಬಂತು?" ಎಂದಳು ಎಣ್ಣೆಯವಳು.

"ಗೋಡೆ ಎದ್ದಿತು. ನೀರು ಸಿಹಿಯಾಗಲಿಲ್ಲ. ನಾಲಿಗೆ ಮರಗಟ್ಟಿತು. ಜನ ಕಹಿಗೆ ಒಗ್ಗಿಕೊಂಡು ಅದನ್ನೇ ಸಿಹಿ ಎಂದರು. ಅದು ಇನ್ನಷ್ಟು ಕಹಿಯಾದಾಗ ಮತ್ತೊಂದು ಗೋಡೆ."

ಎಣ್ಣೆಯವಳು ಬಟ್ಟಲಿಗೆ ಬೆರಳು ಅದ್ದಿದಳು. ಆಮೇಲೆ ಯಜಮಾನಿಯ ಎಡಗೈಯನ್ನು ಎಳೆದುಕೊಂಡು ತಿಕ್ಕತೊಡಗಿದಳು.

"ಇನ್ನು ಏಕೆ? ಬಿಡು," ಎಂದಳು ಯಜಮಾನಿ.

"ಅರ್ಧಕ್ಕೆ ಬಿಟ್ಟು ಏಳೋದು ನಮ್ಮ ಮನೇಲಿ ಪದ್ಧತಿ ಇಲ್ಲ, ಅಮ್ಮಾವ್ರೇ."

ಮರುದಿನ ಬಿಸಿಲೇರುವ ಹೊತ್ತಿಗೆ ಬಣ್ಣಗಾರರ ಕೇರಿಯ ಬಾಯಲ್ಲಿ ಇಟ್ಟಿಗೆ ಸೊಂಟದೆತ್ತರಕ್ಕೆ ಎದ್ದಿತ್ತು. ಈಚೆ ಊರು ನಿಂತಿತ್ತು, ಆಚೆ ಕೇರಿ ನಿಂತಿತ್ತು. ಯಾರೂ ಕೂಗುತ್ತಿರಲಿಲ್ಲ. ಆಚೆಯವರ ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ ಬಟ್ಟೆಗಳು ಗಾಳಿಗೆ ಆಡುತ್ತಿದ್ದವು. ಈಚೆ ಒಂದು ಕೊಡ ನೀರು ಕೈಯಿಂದ ಕೈಗೆ ಹೋಗುತ್ತಿತ್ತು. ಕುಡಿದವರು ಬಾಯಿ ಒರೆಸಿಕೊಂಡು, "ಇವತ್ತು ಪರವಾಗಿಲ್ಲ," "ನಿನ್ನೆಗಿಂತ ಎಷ್ಟೋ ವಾಸಿ," ಎನ್ನುತ್ತಿದ್ದರು.

ಯಜಮಾನಿ ಬಂದಳು. ಮೈಮೇಲೆ ಗಂಜಿ ಹಾಕಿದ ಬಿಳಿ ಸೀರೆ. ಕಂಕುಳಲ್ಲಿ ಹಗ್ಗದ ಸುರುಳಿ. ಅದರ ತುದಿಗೆ ಆ ವರ್ಷದ ನೀರಿನ ಗಂಟೊಂದೇ ಬಿದ್ದಿತ್ತು. ಜನ ದಾರಿ ಬಿಟ್ಟರು.

"ಸರಿಯಾದ ಹೊತ್ತಿಗೆ ಬಂದಿರಿ ತಾಯಿ," ಎಂದ ಹಿರಿಯ. "ಎರಡನೇ ಗಂಟು ಹಾಕಿಬಿಡಿ, ಗಾರೆಯವನು ಮುಗಿಸಲಿ."

ಯಜಮಾನಿ ಕೊಡವನ್ನು ಕೇಳಿ ಪಡೆದಳು. ಒಂದು ಗುಟುಕು ತುಟಿಗೆ ತಂದಳು. ಮೊದಲ ದಿನ ಎಷ್ಟು ಕಹಿಯಿತ್ತೋ ಅಷ್ಟೇ ಕಹಿ. ಅವಳು ಅದನ್ನು ನೆಲಕ್ಕೆ ಉಗುಳಿದಳು. ಹಗ್ಗದ ಮನೆಯವಳು ಬೀದಿಯಲ್ಲಿ ಉಗುಳಿದ್ದನ್ನು ಆ ಊರು ಅಂದು ಕಂಡಿತು. ಆಮೇಲೆ ಯಾರೂ ಕೇಳದೆ ಮಾತಾಡಿದ್ದನ್ನೂ ಕಂಡಿತು.

"ಮೂರನೆಯ ಗಂಟು ಹೇಳುತ್ತೇನೆ," ಎಂದಳು.

"ಎಲೆ ಹಾಕಿಕೊಂಡ ಮೇಲೆ ಮಾತಿಲ್ಲ ತಾಯಿ. ನೀವೇ ಇಟ್ಟ ಪದ್ಧತಿ."

"ನಾವು ಇಟ್ಟದ್ದಲ್ಲ. ನೀವು ಎದ್ದು ಹೋಗುತ್ತಿದ್ದಿರಿ. ನಾವು ಸುಮ್ಮನಿರುತ್ತಿದ್ದೆವು."

ಹೇಳಿದಳು. ಗಂಧದವರ ಕೇರಿಯಿಂದ ಕಂಚುಗಾರರ ಕೇರಿಯವರೆಗೆ, ಒಂದು ಗೋಡೆಯನ್ನೂ ಬಿಡದೆ, ಒಂದೇ ದನಿಯಲ್ಲಿ ಹೇಳಿದಳು. ಜನ ಮರ್ಯಾದೆಯಿಂದ ಕೇಳಿದರು. ಒಬ್ಬ ಆಕಳಿಸಿದ. ಹಿರಿಯ ಕತ್ತು ತುರಿಸಿಕೊಂಡು, "ಇದನ್ನು ಮೊದಲೇ ಹೇಳಬಹುದಿತ್ತಲ್ಲ," ಎಂದ.

"ನೀವು ಕೇಳಲಿಲ್ಲ."

"ಸರಿ. ಈಗೇನಾಗಬೇಕು? ಅರ್ಧ ಎದ್ದಿದೆ."

ಗಾರೆಯವನು ಕರಣೆ ಹಿಡಿದು ಇಬ್ಬರನ್ನೂ ನೋಡಿದ. "ಬೇಗ ಹೇಳಿ ಸ್ವಾಮಿ. ಗಾರೆಗೆ ನಿಮ್ಮ ಹಾಗೆ ಉಪಚಾರ ತಿಳಿಯೋಲ್ಲ. ಕಲಸಿದ ಮೇಲೆ ಅದು ಯಾರಿಗೂ ಕಾಯೋದಿಲ್ಲ."

"ನಾನು ಎರಡನೆಯ ಗಂಟು ಹಾಕುವುದಿಲ್ಲ," ಎಂದಳು ಯಜಮಾನಿ.

ಗಾರೆಯವನು ಹಿರಿಯನನ್ನು ನೋಡಿದ. ಹಿರಿಯ ಹಗ್ಗವನ್ನು ನೋಡಿದ. ಗಂಟಿಲ್ಲದ ಗೋಡೆಗೆ ಕೊನೆಯ ಇಟ್ಟಿಗೆ ಇಡುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಗಾರೆಯವನು ಕರಣೆಯನ್ನು ಬಾಂಡಲಿಯೊಳಗೆ ಹಾಕಿ, ತಾನು ಕಟ್ಟಿದ ಗೋಡೆಯ ಮೇಲೆಯೇ ಕುಳಿತುಕೊಂಡ. ಯಾರೂ ಜೈ ಎನ್ನಲಿಲ್ಲ. ಯಾರೂ ಬೈಯಲಿಲ್ಲ. ಕೊಡ ಮತ್ತೆ ಕೈಯಿಂದ ಕೈಗೆ ಹೋಗತೊಡಗಿತು, ಆದರೆ ಒಬ್ಬಳು ಹೆಂಗಸು ಕುಡಿದು ಮುಖ ಕಿವಿಚಿದಳು. ಅವಳ ಪಕ್ಕದವನು ಕುಡಿಯದೆ ಮುಂದಕ್ಕೆ ಕೊಟ್ಟ.

ಯಜಮಾನಿ ಸೆರಗನ್ನು ಹೆಗಲಿಗೆ ಏರಿಸಿ ಆಚೆ ತಿರುಗಿದಳು. ಕೇರಿಯ ಮುಂದೆ ಎಣ್ಣೆಯವಳು ನಿಂತಿದ್ದಳು, ಅವಳ ಹಿಂದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಸೊಸೆ. ಯಜಮಾನಿ ಕಾದಳು. ಇಂಥ ಹೊತ್ತಿನಲ್ಲಿ ಎದುರಿನವರು ಕೈ ಮುಗಿಯುವುದು ವಾಡಿಕೆ. ಏಳು ತಲೆಮಾರಿನಿಂದ ಹಾಗೆಯೇ.

ಎಣ್ಣೆಯವಳು ಕೈ ಮುಗಿಯಲಿಲ್ಲ. ಮುಂದೆ ಬಂದು ಸೊಂಟದೆತ್ತರದ ಇಟ್ಟಿಗೆಯ ಮೇಲೆ ನೀಲಿ ಕೈ ಎರಡನ್ನೂ ಊರಿದಳು.

"ಗೊತ್ತಿತ್ತಲ್ಲ ನಿಮ್ಮನೆಯವರಿಗೆ," ಎಂದಳು.

"ನಿಲ್ಲಿಸಿದೆನಲ್ಲ," ಎಂದಳು ಯಜಮಾನಿ.

"ನಿಲ್ಲಿಸಿದ್ರಿ. ಅದು ಇವತ್ತಿನದು. ಕಂಚುಗಾರರದ್ದು? ಉಪ್ಪಿನವರದ್ದು?"

"ಅವರು ಈಗ ಇಲ್ಲ. ಯಾರಿಗೆ ಹೇಳಲಿ?"

"ಗೋಡೆಗಳು ಇದಾವಲ್ಲ. ಒಂದೊಂದರ ಮುಂದೂ ನಿಂತು ಹೇಳಬಹುದು. ಮೊದಲು ಇಲ್ಲಿ."

ಹಿರಿಯ, "ಏಯ್, ಯಾರ ಹತ್ತಿರ ಮಾತಾಡ್ತಿದೀಯ ಗೊತ್ತಾ?" ಎಂದ. ಎಣ್ಣೆಯವಳು ಅವನ ಕಡೆ ನೋಡಲಿಲ್ಲ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅಳುವಿರಲಿಲ್ಲ. ಎಣ್ಣೆ ಬಿಸಿಯಾಗಿದೆ ಕೈ ಕೊಡಿ ಎನ್ನುವ ಹಾಗೆಯೇ ಅವಳು ಹೇಳಿದಳು.

"ತಪ್ಪಾಯ್ತು ಅನ್ನಿ."